ನೌಕರಿ ಬಿಡದೆ ಜಮೀನು–ಸೈಟಿನ ಕೆಲಸ: ನಡುವಯಸ್ಸಿನವರಿಗೆ ಮೊದಲ ಪಾಠ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನಂಥ ಊರುಗಳಲ್ಲಿ ನಲವತ್ತು ದಾಟಿದ ಅನೇಕರು ಈಗ ರಿಯಲ್ ಎಸ್ಟೇಟ್ ಕಡೆ ನೋಡುತ್ತಿದ್ದಾರೆ. ಖಾಸಗಿ ಶಾಲೆಯಲ್ಲಿ ಪಾಠ ಹೇಳುವವರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಗೊಬ್ಬರದ ಅಂಗಡಿಯಲ್ಲಿ ಸಂಬಳಕ್ಕಿರುವವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಲ್ಲೇ ಕೂತು ಮಾಡುವವರು ಇವರಲ್ಲಿದ್ದಾರೆ. ಮಕ್ಕಳ ಓದಿನ ಖರ್ಚು ಏರುತ್ತಿದೆ, ನಿವೃತ್ತಿಯ ನಂತರ ಪಿಂಚಣಿ ಇಲ್ಲ, ಇನ್ನು ಹದಿನೈದು ವರ್ಷ ಇದೇ ಸಂಬಳದಲ್ಲಿ ಹೇಗೆ ಎಂಬ ಯೋಚನೆ ಇವರದು. ಇದು ದುರಾಸೆಯ ಯೋಚನೆಯಲ್ಲ, ಮನೆ ನಡೆಸುವವರ ಯೋಚನೆ. ಇದಕ್ಕೆ ಗೌರವದಿಂದಲೇ ಉತ್ತರ ಕೊಡಬೇಕು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಒಂದೇ ಮಾತು. ಮಾರುವುದನ್ನು ಕಲಿಯುವ ಮೊದಲು ಪತ್ರ ಓದುವುದನ್ನು ಕಲಿಯಿರಿ. ಊರಿನಲ್ಲಿ ಇಪ್ಪತ್ತು ವರ್ಷ ಬಾಳಿದ ನಿಮಗೆ ಪರಿಚಯ ಇದೆ, ಮಾತಿಗೆ ಬೆಲೆ ಇದೆ. ಇಲ್ಲದಿರುವುದು ಪಹಣಿಯ ಹನ್ನೊಂದನೇ ಕಾಲಂ ನೋಡಿ ಎಲ್ಲಿ ನಿಲ್ಲಬೇಕೆಂದು ತಿಳಿಯುವ ಕಣ್ಣು. ಆ ಕಣ್ಣು ಬರುವ ತನಕ ಸಂಬಳ ಬರುವ ಕೆಲಸ ನಿಮ್ಮ ಕೈಯಲ್ಲಿರಲಿ. ಅಡಿಕೆ ಸಸಿ ಇಟ್ಟ ರೈತರು ಫಸಲು ಬರುವ ತನಕ ನಡುವೆ ಬಾಳೆ ಹಾಕಿ ಮನೆ ನಡೆಸುತ್ತಾರಲ್ಲ, ನಿಮ್ಮ ನೌಕರಿಯೂ ಹಾಗೆಯೇ ಇರಲಿ.

ಮೊದಲು ನಿಮ್ಮ ನೌಕರಿಯ ನಿಯಮ ನೋಡಿ

ಎಲ್ಲಕ್ಕಿಂತ ಮೊದಲ ಪ್ರಶ್ನೆ: ನೀವು ಈ ಕೆಲಸ ಮಾಡಬಹುದೇ? ರಾಜ್ಯ ಸರ್ಕಾರಿ ನೌಕರರಿಗೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ಅನ್ವಯಿಸುತ್ತವೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ವ್ಯಾಪಾರ, ಖಾಸಗಿ ಉದ್ಯೋಗ ಕೂಡದು. ‘ಮನೆಯವರ ಹೆಸರಲ್ಲಿ ಮಾಡಿದರಾಯಿತು’ ಎಂದು ಹೇಳುವವರ ಮಾತು ಕೇಳಬೇಡಿ. ಮನೆಯವರು ನಡೆಸುವ ಕಮಿಷನ್ ಏಜೆನ್ಸಿಗೆ ನೌಕರರೇ ಗಿರಾಕಿ ಹುಡುಕಿ ಕೊಡುವುದನ್ನೂ ನಡತೆ ನಿಯಮಗಳು ತಪ್ಪೆಂದೇ ನೋಡುತ್ತವೆ. ಬ್ಯಾಂಕ್ ನೌಕರರಿಗೆ, ಅನುದಾನಿತ ಶಾಲೆಯವರಿಗೆ ಅವರವರ ಸೇವಾ ನಿಯಮಗಳಿವೆ. ಇವರೆಲ್ಲ ನಿವೃತ್ತಿಯ ತನಕ ಕಲಿಯಬಹುದು. ಕಲಿಯಲು ಯಾರ ಅಡ್ಡಿಯೂ ಇಲ್ಲ. ಕಮಿಷನ್ ಮುಟ್ಟುವುದು ಮಾತ್ರ ನಂತರ.

ಖಾಸಗಿ ನೌಕರಿಯವರು ತಮ್ಮ ನೇಮಕಾತಿ ಪತ್ರ ತೆಗೆದು ನೋಡಿ. ಬೇರೆ ಸಂಪಾದನೆಯ ಕೆಲಸ ಮಾಡಬಾರದೆಂಬ ಷರತ್ತು ಅದರಲ್ಲಿದ್ದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹೊಳಲ್ಕೆರೆಯಷ್ಟು ಊರಿನಲ್ಲಿ ಗುಟ್ಟಾಗಿ ಮಾಡಿದ ಕೆಲಸ ಗುಟ್ಟಾಗಿ ಉಳಿಯುವುದಿಲ್ಲ. ಅಲ್ಲದೆ, ನಂಬಿಕೆಯೇ ಬಂಡವಾಳವಾದ ಕೆಲಸವನ್ನು ಮುಚ್ಚುಮರೆಯಿಂದ ಶುರು ಮಾಡಬಾರದು.

ಇಲ್ಲಿ ಕೈ ಬದಲಾಗುವ ಆಸ್ತಿ ಮೂರು ಬಗೆ

ನಮ್ಮ ಕಡೆ ವ್ಯವಹಾರಕ್ಕೆ ಬರುವ ಆಸ್ತಿಯನ್ನು ಮೂರಾಗಿ ವಿಂಗಡಿಸಿಕೊಳ್ಳಿ. ಒಂದು, ಪಟ್ಟಣದೊಳಗಿನ ಹಳೆಯ ಮನೆ, ಮಳಿಗೆ, ಬಾಡಿಗೆ ಮನೆ. ಎರಡು, ಊರಂಚಿನ ಲೇಔಟುಗಳ ಸೈಟು. ಮೂರು, ಹೊಲ ಮತ್ತು ತೋಟ. ಕಸಬಾ, ಬಿ.ದುರ್ಗ, ರಾಮಗಿರಿ, ತಾಳ್ಯ ಎಂಬ ನಾಲ್ಕು ಹೋಬಳಿಗಳ ಹೊಳಲ್ಕೆರೆ ತಾಲ್ಲೂಕಿನಲ್ಲಿ ಮೂರನೆಯದರ ತೂಕ ದೊಡ್ಡದು. ಅಡಿಕೆ, ತೆಂಗಿನ ತೋಟ ಹುಡುಕಿಕೊಂಡು ಹೊರಗಿನವರೂ ಬರುತ್ತಾರೆ.

ಮೂರಕ್ಕೂ ಕಾಗದ ಬೇರೆ, ಕಾನೂನು ಬೇರೆ, ಗಿರಾಕಿಯ ಮನಸ್ಸೂ ಬೇರೆ. ಹೊಸಬರು ಮೊದಲನೆಯದರಿಂದ ಶುರು ಮಾಡುವುದು ಒಳ್ಳೆಯದು. ಬಾಡಿಗೆ ಮನೆ ಹುಡುಕಿಕೊಡುವುದರಲ್ಲಿ ಹಣ ಕಡಿಮೆ, ಅಪಾಯವೂ ಕಡಿಮೆ. ಯಾರು ಹೇಗೆ ಮಾತಾಡುತ್ತಾರೆ, ಒಪ್ಪಿದ ಮಾತನ್ನು ಯಾರು ಉಳಿಸಿಕೊಳ್ಳುತ್ತಾರೆ, ಕರಾರು ಪತ್ರದಲ್ಲಿ ಏನೇನು ಬರೆಯಬೇಕು ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ತೋಟದ ವ್ಯವಹಾರ ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಕೊನೆಗಿಟ್ಟುಕೊಳ್ಳಿ.

ರೇರಾ: ಐದು ಗುಂಟೆಯ ಗಡಿ

ಲೇಔಟಿನ ಸೈಟು ಮಾರಿಸಲು ಹೊರಟಿರಾದರೆ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ, ನಿಮಗೆ ಅನ್ವಯಿಸುತ್ತದೆ. ಕರ್ನಾಟಕ ಇದರ ನಿಯಮಗಳನ್ನು 2017ರ ಜುಲೈನಲ್ಲಿ ಹೊರಡಿಸಿತು. 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದ ಲೇಔಟು ರೇರಾದಲ್ಲಿ ನೋಂದಣಿಯಾಗದೆ ಸೈಟು ಮಾರುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಇದನ್ನು ನಮ್ಮ ಅಳತೆಗೆ ತನ್ನಿ. ಒಂದು ಗುಂಟೆ ಎಂದರೆ 1,089 ಚದರ ಅಡಿ, ನಲವತ್ತು ಗುಂಟೆಗೆ ಒಂದು ಎಕರೆ. 500 ಚದರ ಮೀಟರ್ ಎಂದರೆ ಸುಮಾರು 5,382 ಚದರ ಅಡಿ, ಐದು ಗುಂಟೆಗೂ ಸ್ವಲ್ಪ ಕಡಿಮೆ. ‘ನಮ್ಮದು ಚಿಕ್ಕ ಲೇಔಟು, ಎರಡೇ ಎಕರೆ, ರೇರಾ ಬೇಕಿಲ್ಲ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿರಲಿ. ಅದು ಬೆಂಗಳೂರಿಗೆ ಮಾತ್ರ ಸೀಮಿತವಾದ ಕಾನೂನೂ ಅಲ್ಲ.

ನೋಂದಾಯಿತ ಯೋಜನೆಯ ಸೈಟು ಅಥವಾ ಫ್ಲ್ಯಾಟು ಮಾರಿಸುವ ಏಜೆಂಟರೂ ರೇರಾದಲ್ಲಿ ನೋಂದಾಯಿಸಿಕೊಳ್ಳಬೇಕು. ನಮ್ಮ ರಾಜ್ಯದ ನಿಯಮಗಳಲ್ಲಿ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ನೋಂದಣಿಯ ಅವಧಿ ಐದು ವರ್ಷ. ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ನೋಂದಣಿ ಇಲ್ಲದೆ ಮಾರಿಸಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಬೆಳೆಯುತ್ತದೆ. ಸೈಟಿನ ಬೆಲೆಯ ಶೇ 5ರವರೆಗೂ ಹೋಗಬಹುದು. ನೋಂದಣಿ ಆಗದ ಲೇಔಟಿನ ಸೈಟನ್ನು ಏಜೆಂಟರು ಮಾರಿಸಲೇಬಾರದು, ಲೆಕ್ಕದ ಪುಸ್ತಕ ಇಡಬೇಕು, ಯೋಜನೆಯ ಬಗ್ಗೆ ಸುಳ್ಳು ಭರವಸೆ ಕೊಡಬಾರದು, ಕೊಳ್ಳುವವರಿಗೆ ಬೇಕಾದ ದಾಖಲೆಗಳನ್ನೆಲ್ಲ ಒದಗಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಲೇಔಟಿನವರು ನೋಂದಾಯಿತ ಕರಾರು ಮಾಡಿಕೊಡದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದನ್ನೂ ಗಿರಾಕಿಗೆ ನೀವೇ ತಿಳಿಸಿ.

ಹಳೆಯ ಮನೆ, ಹೊಲ, ತೋಟದ ವ್ಯವಹಾರಕ್ಕೆ ಈ ನೋಂದಣಿ ಬೇಡ. ಹಾಗಾಗಿ ಮೊದಲ ದಿನವೇ 25,000 ಕಟ್ಟುವ ಅವಸರ ಮಾಡಬೇಡಿ. ಲೇಔಟಿನ ಕೆಲಸಕ್ಕೆ ಇಳಿಯುವುದು ಖಚಿತವಾದ ಮೇಲೆ ಕಟ್ಟಿ. ಆದರೆ ಕಟ್ಟುವ ತನಕ ಒಂದು ಸೈಟನ್ನೂ ಮುಟ್ಟಬೇಡಿ.

ಪಹಣಿಯಿಂದ ಕ್ರಯಪತ್ರದವರೆಗೆ

ಈಗ ಪಾಠದ ತಿರುಳಿಗೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳಿ. ಚಿಕ್ಕಜಾಜೂರಿನ ಕಡೆ ಎರಡು ಎಕರೆ ಅಡಿಕೆ ತೋಟ ಮಾರಾಟಕ್ಕಿದೆ ಎಂದು ಪರಿಚಯದವರೊಬ್ಬರು ಬಂದು ಹೇಳಿದ್ದಾರೆ. ನೀವು ಏನು ಮಾಡಬೇಕು?

ಮೊದಲು ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಕೇಳಿ. ಅದಿದ್ದರೆ ರಾತ್ರಿ ಊಟವಾದ ಮೇಲೆ ಮನೆಯಲ್ಲೇ ಕೂತು ಭೂಮಿ ಜಾಲತಾಣದಲ್ಲಿ ಪಹಣಿ ನೋಡಬಹುದು. ಮೂರನೇ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ. ಅದರಲ್ಲಿ ಖರಾಬು ಎಷ್ಟು ಎಂದು ಬೇರೆಯಾಗಿ ತೋರಿಸಿರುತ್ತಾರೆ. ‘ಬಿ’ ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ. ಅದನ್ನು ಉಳುಮೆ ಮಾಡಿಕೊಂಡಿದ್ದರೂ ಮಾರುವ ಹಕ್ಕು ಯಾರಿಗೂ ಇಲ್ಲ. ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು, ಹತ್ತರಲ್ಲಿ ಆ ಹೆಸರು ಹೇಗೆ ಬಂತು ಎಂಬ ವಿವರ ಇರುತ್ತದೆ: ಕ್ರಯವೋ, ವಿಭಾಗವೋ, ಪೌತಿಯೋ, ಮಂಜೂರಿಯೋ. ಹನ್ನೊಂದರಲ್ಲಿ ಹಕ್ಕು ಮತ್ತು ಋಣ. ವಿ.ಎಸ್.ಎಸ್.ಎನ್. (ವ್ಯವಸಾಯ ಸೇವಾ ಸಹಕಾರ ಸಂಘ) ಸಾಲ, ಬ್ಯಾಂಕಿನ ಅಡಮಾನ, ನ್ಯಾಯಾಲಯದ ತಡೆಯಾಜ್ಞೆ ಎಲ್ಲ ಇಲ್ಲೇ ಕಾಣಿಸುತ್ತವೆ. ಹೊಸಬರು ಒಂಬತ್ತನೇ ಕಾಲಂ ನೋಡಿ ತೃಪ್ತರಾಗುತ್ತಾರೆ. ಅನುಭವಿಗಳು ಹತ್ತು ಮತ್ತು ಹನ್ನೊಂದರ ಮೇಲೆ ಹೆಚ್ಚು ಹೊತ್ತು ಕೂರುತ್ತಾರೆ.

ಪಹಣಿಯ ಹಿಂದೆ ಮ್ಯುಟೇಶನ್ ಇದೆ. ಪ್ರತಿ ಹೆಸರು ಬದಲಾವಣೆಗೂ ಒಂದು ಎಂ.ಆರ್. ನಂಬರ್ ಇರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಜಮೀನು ಯಾರಿಂದ ಯಾರಿಗೆ ಬಂತೆಂಬ ಸರಪಳಿ ಸಿಗುತ್ತದೆ. ಅದರ ಜೊತೆಗೆ ಋಣಭಾರ ಪತ್ರ, ಎಲ್ಲರೂ ಇ.ಸಿ. ಎನ್ನುವುದು. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ; ಅದರ ಹಿಂದಿನದಕ್ಕೆ ಉಪ ನೋಂದಣಾಧಿಕಾರಿ ಕಚೇರಿಯಲ್ಲೇ ಅರ್ಜಿ ಹಾಕಬೇಕು. ಆನ್‌ಲೈನಿನಲ್ಲಿ ಬಂದ ಅಷ್ಟನ್ನೇ ನೋಡಿ ‘ಪತ್ರ ಕ್ಲಿಯರ್ ಇದೆ’ ಎನ್ನಬೇಡಿ. ಮೂವತ್ತು ವರ್ಷದ ಚರಿತ್ರೆಯಾದರೂ ಕೈಯಲ್ಲಿರಲಿ. ಪಹಣಿಯಲ್ಲಿರುವ ಸರಪಳಿ, ಇ.ಸಿ.ಯಲ್ಲಿರುವ ಸರಪಳಿ ಎರಡೂ ಕೂಡಬೇಕು. ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಪ್ರಶ್ನೆ ಇದೆ.

ಮುಂದಿನದು ಅಳತೆ. ಎರಡು ಎಕರೆ ಎಂಬುದು ನಾಲ್ಕು ಎಕರೆಯ ಸರ್ವೆ ನಂಬರಿನ ಒಂದು ಭಾಗವಾಗಿದ್ದರೆ ಪೋಡಿ, ಅಂದರೆ ಅಳತೆ ಮಾಡಿ ಸರ್ವೆ ನಂಬರನ್ನು ಬೇರ್ಪಡಿಸುವುದು, ಆಗಿದೆಯೇ ಎಂದು ನೋಡಿ. ಆಗಿಲ್ಲದಿದ್ದರೆ ಮಾರುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಅದಕ್ಕೆ ಸರ್ವೆಯರು ಬರಬೇಕು, ಕಾಲ ಹಿಡಿಯುತ್ತದೆ. ದಿಶಾಂಕ್ ಎಂಬ ಸರ್ಕಾರದ ಆ್ಯಪ್ ನಿಮ್ಮ ಫೋನಿನಲ್ಲಿರಲಿ. ತೋಟದಲ್ಲಿ ನಿಂತರೆ ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ ಎಂದು ಅದು ತೋರಿಸುತ್ತದೆ. ಗಡಿಯನ್ನು ತೀರ್ಮಾನಿಸಲು ಅದು ಸಾಲದು, ಅದಕ್ಕೆ ಸರ್ವೆಯರ ಅಳತೆಯೇ ಬೇಕು. ಆದರೆ ತೋರಿಸುತ್ತಿರುವ ತೋಟವೂ ಕಾಗದದಲ್ಲಿರುವ ತೋಟವೂ ಒಂದೇನಾ ಎಂಬ ಅನುಮಾನ ಅಲ್ಲೇ ಪರಿಹಾರವಾಗುತ್ತದೆ. ಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು ನಾಲ್ಕೂ ದಿಕ್ಕಿಗೆ ನಡೆದು ತಾಳೆ ನೋಡಿ. ಪಕ್ಕದ ಹೊಲದವರ ಜೊತೆ ಐದು ನಿಮಿಷ ಮಾತಾಡಿ.

ಕೊನೆಯದು ಕಾಗದದಲ್ಲಿ ಇಲ್ಲದ ಸಂಗತಿಗಳು. ತೋಟಕ್ಕೆ ಬಂಡಿದಾರಿ ಗ್ರಾಮ ನಕ್ಷೆಯಲ್ಲಿದೆಯೇ, ಇಲ್ಲಾ ಪಕ್ಕದವರ ಔದಾರ್ಯದ ಮೇಲೆ ಓಡಾಡುತ್ತಿದ್ದಾರೆಯೇ? ಬೋರ್‌ವೆಲ್ ಈ ಎರಡು ಎಕರೆಯಲ್ಲೇ ಇದೆಯೇ, ಅಣ್ಣನ ಪಾಲಿನಲ್ಲಿದೆಯೇ? ಬೆಸ್ಕಾಂ ಆರ್.ಆರ್. ನಂಬರ್ ಯಾರ ಹೆಸರಲ್ಲಿದೆ? ಬೇಸಿಗೆಯಲ್ಲಿ ನೀರು ನಿಲ್ಲುತ್ತದೆಯೇ? ಮಳೆಗಾಲದಲ್ಲಿ ನೋಡಿದ ತೋಟವನ್ನು ಏಪ್ರಿಲ್‌ನಲ್ಲಿ ಇನ್ನೊಮ್ಮೆ ನೋಡದೆ ನೀರಿನ ಬಗ್ಗೆ ಮಾತು ಕೊಡಬೇಡಿ. ನಮ್ಮದು ಮಳೆ ಕಡಿಮೆಯ ಜಿಲ್ಲೆ. ಇಲ್ಲಿ ತೋಟದ ಬೆಲೆ ಎಂದರೆ ಬಹುಪಾಲು ನೀರಿನ ಬೆಲೆ.

ಸೈಟಿಗಾದರೆ ಪಟ್ಟಿ ಬೇರೆ. ಕೃಷಿ ಜಮೀನನ್ನು ವಸತಿಗೆ ಪರಿವರ್ತಿಸಿದ ಜಿಲ್ಲಾಧಿಕಾರಿಗಳ ಆದೇಶ, ಯೋಜನಾ ಪ್ರಾಧಿಕಾರ ಅನುಮೋದಿಸಿದ ಲೇಔಟು ನಕ್ಷೆ, ಸೈಟುಗಳ ಬಿಡುಗಡೆ ಪತ್ರ, ರೇರಾ ನಂಬರ್, ಇ-ಖಾತೆ ಬೇಕು. ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ನೋಡಬೇಕು. ನಕ್ಷೆಯಲ್ಲಿ ಪಾರ್ಕು ಎಂದು ಬಿಟ್ಟ ಜಾಗ ಸ್ಥಳದಲ್ಲೂ ಪಾರ್ಕಾಗಿಯೇ ಇದೆಯೇ ಎಂದು ಹೋಗಿ ನೋಡಿ. ಪರಿವರ್ತನೆ ಇಲ್ಲದೆ ಹೊಲಕ್ಕೆ ಸುಣ್ಣದ ಗೆರೆ ಎಳೆದು ಮಾರುವ ರೆವಿನ್ಯೂ ಸೈಟಿನ ಹತ್ತಿರ ಹೋಗಬೇಡಿ. ಅದರಲ್ಲಿ ಕಮಿಷನ್ ಹೆಚ್ಚು ಕೊಡುತ್ತಾರೆ. ಹೆಚ್ಚು ಕೊಡಲು ಕಾರಣ ಇದೆ.

ಎರಡು ಸಲ ನೋಡಬೇಕಾದ ಜಮೀನು

ನಮ್ಮ ಜಿಲ್ಲೆಯಲ್ಲಿ ವಿಶೇಷ ಎಚ್ಚರ ಬೇಕಾದ ಕೆಲವು ಬಗೆಗಳಿವೆ.

ಮೊದಲನೆಯದು ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಸರ್ಕಾರ ಕೊಟ್ಟ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಕಾಪಾಡುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಕೊಂಡರೆ ಆ ಕ್ರಯ ಊರ್ಜಿತವಾಗುವುದಿಲ್ಲ. ಜಮೀನು ಮೂಲ ಕುಟುಂಬಕ್ಕೆ ಮರಳುತ್ತದೆ. ಎಷ್ಟು ವರ್ಷದ ಒಳಗೆ ಅರ್ಜಿ ಹಾಕಬೇಕೆಂಬ ವಾದಕ್ಕೆ 2023ರ ತಿದ್ದುಪಡಿ ಕೊಟ್ಟ ಉತ್ತರ: ಕಾಲಮಿತಿ ಇಲ್ಲ. ‘ಇಪ್ಪತ್ತು ವರ್ಷದಲ್ಲಿ ಮೂರು ಕೈ ದಾಟಿದೆ, ಇನ್ನೇನು ತೊಂದರೆ’ ಎಂಬ ಮಾತನ್ನು ನಂಬಬೇಡಿ. ಈ ಕಾನೂನನ್ನು ಅಡ್ಡಿ ಎಂದು ನೋಡಬೇಡಿ. ಹಸಿದ ಹೊತ್ತಿನಲ್ಲಿ ಅಗ್ಗಕ್ಕೆ ಕೈಬಿಟ್ಟುಹೋದ ಭೂಮಿಯನ್ನು ಬಡ ಕುಟುಂಬಗಳಿಗೆ ಉಳಿಸಲು ಬಂದ ಕಾನೂನು ಅದು. ಆ ಭೂಮಿಯನ್ನು ಕೈ ಬದಲಾಯಿಸುವ ಕೆಲಸಕ್ಕೆ ನಾವು ಕೈ ಹಾಕಬಾರದು. ಬಗರ್‌ಹುಕುಂ ಸಕ್ರಮದಲ್ಲಿ ಬಂದ ಜಮೀನು, ಇತರರಿಗೆ ಮಂಜೂರಾದ ಜಮೀನಿಗೂ ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಇರುತ್ತದೆ. ಮಂಜೂರಾತಿ ಆದೇಶದ ಮೂಲ ಪ್ರತಿಯಲ್ಲೇ ಅದನ್ನು ಓದಿ.

ಎರಡನೆಯದು ಕಾವಲು, ಗೋಮಾಳ, ಅರಣ್ಯದ ಅಂಚು. ಮೈಸೂರು ಅರಸರ ಕಾಲದಿಂದ ರಾಸುಗಳಿಗೆ ಮೀಸಲಾದ ಅಮೃತ ಮಹಲ್ ಕಾವಲುಗಳು ನಮ್ಮ ಜಿಲ್ಲೆಯಲ್ಲಿವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಿನ ಕಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಸರ್ಕಾರವೇ ಕೊಟ್ಟ ಕಾವಲಿನ ಮೇಲೆ ಅಷ್ಟು ವಿವಾದವಾದರೆ, ಕಾವಲಿನ ಅಂಚಿನಲ್ಲಿ ಯಾರೋ ಉಳುತ್ತಿರುವ ನಾಲ್ಕು ಎಕರೆಯ ಬಗ್ಗೆ ಎಷ್ಟು ಎಚ್ಚರ ಬೇಕು, ಯೋಚಿಸಿ. ಹಳೆಯ ಕೈಬರಹದ ಪಹಣಿಗಳಲ್ಲಿ ಸರ್ವೆ ನಂಬರಿನ ಮುಂದೆ ಏನು ಬರೆದಿತ್ತೆಂದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ನಕಲು ತೆಗೆಸಿ ನೋಡಿ.

ಮೂರನೆಯದು ಪಿತ್ರಾರ್ಜಿತ ಆಸ್ತಿ. ಹೆಣ್ಣುಮಕ್ಕಳ ಪಾಲು ಮರೆತ ಕ್ರಯಪತ್ರಗಳಿಂದಲೇ ನಮ್ಮ ಕಡೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಬಹಳ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ವಂಶವೃಕ್ಷ ಕೈಗೆ ಬಂದಾಗ ಮೊದಲು ಹೆಣ್ಣುಮಕ್ಕಳ ಹೆಸರು ಹುಡುಕಿ. ‘ಅಕ್ಕ ದಾವಣಗೆರೆಯಲ್ಲಿದ್ದಾರೆ, ಅವರೇನೂ ಕೇಳುವುದಿಲ್ಲ’ ಎಂದು ತಮ್ಮ ಹೇಳಿದರೆ, ಆ ಅಕ್ಕನ ಜೊತೆ ನೀವೇ ಮಾತಾಡಿ. ಅವರು ಒಪ್ಪಿದರೆ ಪತ್ರಕ್ಕೆ ಸಹಿ ಹಾಕಲಿ. ಒಪ್ಪದಿದ್ದರೆ ವ್ಯವಹಾರ ಅಲ್ಲಿಗೆ ನಿಲ್ಲಲಿ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿ.

ನಾಲ್ಕನೆಯದು ಜಿ.ಪಿ.ಎ. ಮೇಲಿನ ಮಾರಾಟ. ಬರೀ ಅಧಿಕಾರಪತ್ರದಿಂದ, ಕರಾರಿನಿಂದ ಮಾಲೀಕತ್ವ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ಇನ್ನೊಂದು ಬದಲಾವಣೆ ತಿಳಿದಿರಲಿ. ರೈತರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ನಗರದವರು ತೋಟ ಹುಡುಕಿಕೊಂಡು ಬರುವುದು ಹೆಚ್ಚಾಗಲು ಇದೂ ಒಂದು ಕಾರಣ. ಅವರಿಗೆ ಕೊಳ್ಳುವ ಹಕ್ಕಿದೆ. ಆದರೆ ತೋಟವನ್ನು ಕೊಂಡ ಮಾತ್ರಕ್ಕೆ ಅಲ್ಲಿ ರೆಸಾರ್ಟ್ ಕಟ್ಟುವ ಹಕ್ಕು ಬರುವುದಿಲ್ಲ ಎಂಬುದನ್ನೂ ಮೊದಲೇ ಹೇಳಿ.

ಕಾಲುವೆಯ ಮಾತು, ರೈಲಿನ ಮಾತು

ನಮ್ಮ ಭಾಗದಲ್ಲಿ ಜಮೀನಿನ ಬೆಲೆ ಏರಿಸುವ ಎರಡು ಮಾತುಗಳಿವೆ: ಭದ್ರಾ ನೀರು ಬರುತ್ತದೆ, ರೈಲು ಬರುತ್ತದೆ. ಭದ್ರಾ ಮೇಲ್ದಂಡೆ ಯೋಜನೆ ನಿಜ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ನೀರು ಕೊಡುವ ಗುರಿ ಅದರದು. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣಕ್ಕಾಗಿ ಜಿಲ್ಲೆಯ ರೈತರು ಬೀದಿಗಿಳಿಯಬೇಕಾಯಿತು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ ಹೊಸ ರೈಲು ಮಾರ್ಗವೂ ನಿಜ. ಆದರೆ ಯೋಜನೆ ಇದೆ ಎಂಬುದು ಬೇರೆ, ಇದೇ ಸರ್ವೆ ನಂಬರಿಗೆ ಯಾವ ವರ್ಷ ನೀರು ಮುಟ್ಟುತ್ತದೆ ಎಂಬುದು ಬೇರೆ. ಎರಡನೆಯದನ್ನು ಹೇಳುವ ಅಧಿಕಾರ ನಮಗಿಲ್ಲ.

ಕಾಲುವೆ, ಹಳಿ, ಹೆದ್ದಾರಿ ಬಂದಲ್ಲಿ ಭೂಸ್ವಾಧೀನವೂ ಬರುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ತೋಟದ ನಡುವೆಯೇ ಕಾಲುವೆಯ ಗುರುತು ಬಿದ್ದಿರಬಹುದು. ಆದ್ದರಿಂದ ಇಂಥ ಕಡೆ ಸ್ವಾಧೀನದ ಅಧಿಸೂಚನೆ ಆಗಿದೆಯೇ ಎಂದು ತಾಲ್ಲೂಕು ಕಚೇರಿಯಲ್ಲೂ ಭೂಸ್ವಾಧೀನಾಧಿಕಾರಿಗಳ ಕಚೇರಿಯಲ್ಲೂ ವಿಚಾರಿಸಿ. ಇರುವುದನ್ನು ತೋರಿಸಿ ಮಾರಿಸಿ. ಬರಲಿರುವುದನ್ನು ಗಿರಾಕಿಯೇ ಅಂದಾಜು ಮಾಡಿಕೊಳ್ಳಲಿ.

ನೌಕರಿಯ ನಡುವೆ ಹೊತ್ತು ಹೊಂದಿಸುವುದು

ಈ ಕೆಲಸದ ಅರ್ಧದಷ್ಟನ್ನು ಮನೆಯಲ್ಲಿ ಕೂತು ಮಾಡಬಹುದು. ಪಹಣಿ, ಮ್ಯುಟೇಶನ್, ಇ.ಸಿ., ರೇರಾ ಜಾಲತಾಣದಲ್ಲಿ ಲೇಔಟಿನ ವಿವರ ಇವಕ್ಕೆಲ್ಲ ಸಂಜೆಯ ಒಂದು ಗಂಟೆ ಸಾಕು. ಜಾಗ ನೋಡುವುದು, ತೋರಿಸುವುದು ಭಾನುವಾರ. ಕೊಳ್ಳುವವರಿಗೂ ಬಿಡುವು ಅಂದೇ. ಕಷ್ಟವಿರುವುದು ಉಳಿದ ಅರ್ಧದಲ್ಲಿ. ಸರ್ವೆಯರು, ಗ್ರಾಮ ಆಡಳಿತಾಧಿಕಾರಿ, ನಾಡಕಚೇರಿ, ನೋಂದಣಿ ಕಚೇರಿ ಎಲ್ಲಕ್ಕೂ ಕೆಲಸದ ದಿನವೇ ಬೇಕು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವುದೇ ಉಪ ನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಬಹುದಾದ್ದರಿಂದ ಹೊಳಲ್ಕೆರೆಯ ಜಮೀನಿನ ಪತ್ರವನ್ನು ಚಿತ್ರದುರ್ಗದಲ್ಲೋ ಹೊಸದುರ್ಗದಲ್ಲೋ ಮಾಡಿಸಿಕೊಳ್ಳುವ ಅನುಕೂಲ ಇದೆ. ಆದರೂ ಅಂದು ನಿಮಗೆ ರಜೆ ಬೇಕು.

ಹಾಗಾಗಿ ಒಂದು ಮಿತಿ ಹಾಕಿಕೊಳ್ಳಿ: ಒಂದು ಸಲಕ್ಕೆ ಒಂದೇ ವ್ಯವಹಾರ. ನೌಕರಿಯ ಹೊತ್ತಿನಲ್ಲಿ ಗಿರಾಕಿಯ ಫೋನು ಎತ್ತಬೇಡಿ. ‘ಸಂಜೆ ಆರರ ನಂತರ ಮಾತಾಡೋಣ’ ಎಂದು ಮೊದಲೇ ಹೇಳಿದರೆ ಜನ ಒಪ್ಪುತ್ತಾರೆ. ಊರಿನಲ್ಲಿ ಅನುಭವಿ ದಲ್ಲಾಳಿಗಳಿದ್ದರೆ ಅವರ ಜೊತೆ ಸೇರಿ ಮೊದಲ ಕೆಲವು ವ್ಯವಹಾರ ಮಾಡಿ. ಕಮಿಷನ್ ಹಂಚಿಕೆಯಾಗುತ್ತದೆ, ಆದರೆ ಅವರು ಹಗಲಿನ ಓಡಾಟ ನೋಡಿಕೊಳ್ಳುತ್ತಾರೆ, ನೀವು ದಾಖಲೆ ನೋಡಿಕೊಳ್ಳುತ್ತೀರಿ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬೇಕು. ಮನೆ ಕೊಳ್ಳುವಾಗ ನೀರು, ಅಡುಗೆಮನೆ, ಮಕ್ಕಳ ಶಾಲೆಯ ದಾರಿ ಎಲ್ಲವನ್ನೂ ಕೇಳುವವರು ಮನೆಯ ಹೆಂಗಸರು. ಅವರು ನಿಮ್ಮ ಜೊತೆ ಮನಬಿಚ್ಚಿ ಮಾತಾಡುತ್ತಾರೆ.

ಹಣದ ಲೆಕ್ಕ

ಲೆಕ್ಕಕ್ಕೆಂದು 30×40ರ ಒಂದು ಸೈಟು 12 ಲಕ್ಷ ರೂಪಾಯಿಯದು ಎಂದಿಟ್ಟುಕೊಳ್ಳಿ. ಕಮಿಷನ್ ಎಷ್ಟೆಂದು ಕಾನೂನು ನಿಗದಿ ಮಾಡಿಲ್ಲ; ಮಾತಾಡಿಕೊಂಡಂತೆ. ಎರಡೂ ಕಡೆಯಿಂದ ಶೇ 1 ಒಪ್ಪಿದರೆ ನಿಮಗೆ 24,000 ಬರುತ್ತದೆ. ಈಗ ನಿಮ್ಮ ಸಂಬಳ ತಿಂಗಳಿಗೆ 30,000 ಇದ್ದರೆ ವರ್ಷಕ್ಕೆ 3.6 ಲಕ್ಷ. ಅಷ್ಟನ್ನು ಇದರಿಂದಲೇ ದುಡಿಯಲು ವರ್ಷಕ್ಕೆ 15 ವ್ಯವಹಾರ ಮುಗಿಯಬೇಕು, ತಿಂಗಳಿಗೆ ಒಂದಕ್ಕಿಂತ ಹೆಚ್ಚು. ಪೆಟ್ರೋಲು, ಫೋನು, ನಕಲು ಪ್ರತಿ, ವಕೀಲರ ಸಲಹೆಯ ಖರ್ಚು ಬೇರೆ. ಚಿಕ್ಕ ಊರಿನಲ್ಲಿ ಹೊಸಬರಿಗೆ ಇದು ಮೊದಲ ವರ್ಷದಲ್ಲಿ ಆಗುವ ಮಾತಲ್ಲ. ಈ ಲೆಕ್ಕವನ್ನು ಮನೆಯವರ ಜೊತೆ ಕೂತು ಮಾಡಿ, ಅವರಿಗೂ ಕಾಲದ ಅಂದಾಜು ಸಿಗಲಿ.

ಕೊಳ್ಳುವವರ ಲೆಕ್ಕವೂ ನಿಮಗೆ ಗೊತ್ತಿರಬೇಕು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎಲ್ಲ ಸೇರಿ ಪಟ್ಟಣದಲ್ಲಿ ಸುಮಾರು ಶೇ 7.6. ಆ 12 ಲಕ್ಷದ ಸೈಟಿಗೆ 91,200 ರೂಪಾಯಿ. ಮಾರ್ಗಸೂಚಿ ಬೆಲೆ ಇನ್ನೂ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಸೈಟಿನ ಬೆಲೆಯನ್ನಷ್ಟೇ ಹೊಂದಿಸಿಕೊಂಡು ಬಂದ ಕುಟುಂಬ ನೋಂದಣಿಯ ದಿನ ಸಾಲಕ್ಕೆ ಅಲೆಯದಂತೆ ಇದನ್ನು ಮೊದಲ ಭೇಟಿಯಲ್ಲೇ ಹೇಳಿ.

ಕಮಿಷನ್ ಆದಾಯ ತೆರಿಗೆಗೆ ಒಳಪಟ್ಟಿದೆ. ಸಂಬಳದ ಜೊತೆ ಇದೂ ಸೇರಿದರೆ ರಿಟರ್ನ್ಸ್ ತುಂಬುವ ನಮೂನೆಯೇ ಬದಲಾಗುತ್ತದೆ. ಆಡಿಟರರನ್ನು ಮೊದಲ ವರ್ಷವೇ ಕಾಣಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ಮತ್ತು ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ. ಮುಂಗಡ ಯಾವಾಗಲೂ ಕೊಳ್ಳುವವರ ಬ್ಯಾಂಕ್ ಖಾತೆಯಿಂದ ಮಾರುವವರ ಖಾತೆಗೆ ನೇರವಾಗಿ ಹೋಗಲಿ. ನಿಮ್ಮ ಕೈಯಲ್ಲಿ ಒಂದು ರಾತ್ರಿಯೂ ಇರಬಾರದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನಿಮ್ಮ ಪಿ.ಎಫ್. ತೆಗೆದು, ಮನೆಯ ಬಂಗಾರ ಅಡವಿಟ್ಟು ‘ನಾವೇ ಅಗ್ರಿಮೆಂಟ್ ಹಾಕಿಕೊಂಡು ಮೂರು ತಿಂಗಳಲ್ಲಿ ಮಾರಿಬಿಡೋಣ’ ಎಂಬ ಆಹ್ವಾನಕ್ಕೆ ಒಪ್ಪಬೇಡಿ. ಅದು ದಲ್ಲಾಳಿ ಕೆಲಸವಲ್ಲ, ಹೂಡಿಕೆಯ ಜೂಜು. ಇಪ್ಪತ್ತೈದರಲ್ಲಿ ಕಳೆದುಕೊಂಡದ್ದನ್ನು ದುಡಿದುಕೊಳ್ಳಲು ವರ್ಷಗಳಿರುತ್ತವೆ, ನಲವತ್ತೈದರಲ್ಲಿ ಮಗಳ ಕಾಲೇಜು ಮುಂದಿನ ಜೂನ್‌ಗೆ ಇರುತ್ತದೆ.

ನಡತೆ

ಕಮಿಷನ್ ಎಷ್ಟು, ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬುದನ್ನು ಜಾಗ ತೋರಿಸುವ ಮೊದಲೇ ಬರೆದುಕೊಳ್ಳಿ. ಎರಡೂ ಕಡೆಯಿಂದ ತೆಗೆದುಕೊಳ್ಳುವುದಾದರೆ ಇಬ್ಬರಿಗೂ ಅದು ಗೊತ್ತಿರಲಿ. ಮಾರುವವರು ಹೇಳಿದ ಬೆಲೆಯ ಮೇಲೆ ಇಟ್ಟು ಮಾರಿ ನಡುವಿನದನ್ನು ಜೇಬಿಗೆ ಹಾಕಿಕೊಳ್ಳುವ ರೂಢಿ ಕೆಲವು ಕಡೆ ಇದೆ, ಅದನ್ನು ಕಲಿಯಬೇಡಿ. ವಕೀಲರ ಅಭಿಪ್ರಾಯ ಪತ್ರವನ್ನು ಕೊಳ್ಳುವವರೇ ತಮ್ಮ ವಕೀಲರಿಂದ ಪಡೆಯಲಿ. ನೀವು ಓದಿ ತಿಳಿದದ್ದು ವಕೀಲರ ಕೆಲಸಕ್ಕೆ ಬದಲಿಯಲ್ಲ; ಯಾವ ವ್ಯವಹಾರವನ್ನು ವಕೀಲರವರೆಗೆ ಒಯ್ಯಬಹುದು, ಯಾವುದನ್ನು ಅಲ್ಲೇ ಬಿಡಬೇಕು ಎಂಬ ವಿವೇಕಕ್ಕೆ ಅದು ಬೇಕು.

ಬೇಡ ಎಂದ ವ್ಯವಹಾರಕ್ಕೆ ಕಮಿಷನ್ ಇಲ್ಲ. ಆದರೆ ‘ಈ ಜಮೀನು ಬೇಡ, ಪತ್ರ ಸರಿ ಇಲ್ಲ’ ಎಂದು ಯಾರಿಗೆ ಹೇಳಿದಿರೋ ಅವರು ಮುಂದಿನ ಸಲ ಜಾಗ ನೋಡುವಾಗ ನಿಮ್ಮನ್ನೇ ಕರೆಯುತ್ತಾರೆ, ತಮ್ಮ ಬೀಗರಿಗೂ ನಿಮ್ಮ ಹೆಸರು ಹೇಳುತ್ತಾರೆ. ಮುಖಪರಿಚಯದ ಊರುಗಳಲ್ಲಿ ಈ ವೃತ್ತಿ ಬೆಳೆಯುವುದು ಹೀಗೆ. ಇಪ್ಪತ್ತೈದರ ಹುಡುಗನಿಗಿಂತ ನಲವತ್ತೈದರ ನಿಮಗೆ ಅನುಕೂಲ ಇರುವುದೂ ಇಲ್ಲೇ.

ನೌಕರಿ ಬಿಡುವುದು ಯಾವಾಗ?

ಮೂರು ಸಂಗತಿ ಕೂಡಿ ಬಂದಾಗ. ಎರಡು ವರ್ಷ ಸತತವಾಗಿ ಕಮಿಷನ್ ಆದಾಯ ನಿಮ್ಮ ಸಂಬಳದ ಅರ್ಧಕ್ಕಿಂತ ಹೆಚ್ಚು ಬಂದಿರಬೇಕು. ಒಂದು ವರ್ಷದ ಮನೆ ಖರ್ಚು ಬೇರೆಯಾಗಿ ಕೂಡಿಟ್ಟಿರಬೇಕು. ನೀವು ಹುಡುಕಿಕೊಂಡು ಹೋಗದೆಯೇ ಗಿರಾಕಿಗಳು ನಿಮ್ಮ ಹೆಸರು ಕೇಳಿಕೊಂಡು ಬರುತ್ತಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಸಂಬಳದ ಕೆಲಸ ಮುಂದುವರಿಯಲಿ. ಬಿಡದೆಯೇ ವರ್ಷಕ್ಕೆ ನಾಲ್ಕೈದು ಶುದ್ಧ ವ್ಯವಹಾರ ಮಾಡಿಕೊಂಡು ನಿವೃತ್ತಿಯ ತನಕ ಹೋಗುವುದೂ ಒಂದು ಒಳ್ಳೆಯ ಬದುಕೇ.

ಶುರು ಎಲ್ಲಿಂದ ಎಂದು ಕೇಳುವಿರಾದರೆ, ನಿಮ್ಮ ಸ್ವಂತ ಮನೆಯಿಂದ. ಈ ವಾರ ನಿಮ್ಮ ಕುಟುಂಬದ ಹೊಲದ ಪಹಣಿ ತೆಗೆಯಿರಿ. ತಾತನ ಹೆಸರಿನಲ್ಲೇ ಉಳಿದಿದೆಯೇ, ಪೌತಿ ಖಾತೆ ಆಗಿದೆಯೇ, ಅತ್ತೆಯಂದಿರ ಪಾಲು ಏನಾಯಿತು, ತೀರಿಸಿದ ಸಾಲ ಹನ್ನೊಂದನೇ ಕಾಲಂನಲ್ಲಿ ಇನ್ನೂ ಕೂತಿದೆಯೇ, ಪೋಡಿ ಆಗಿದೆಯೇ ಎಂದು ಓದಿ. ಏನಾದರೂ ಕೊರತೆ ಕಂಡರೆ ಅದನ್ನು ಸರಿಪಡಿಸಲು ಅರ್ಜಿ ಹಾಕಿ, ಕಚೇರಿಗಳಿಗೆ ನೀವೇ ಓಡಾಡಿ, ಕೊನೆ ಮುಟ್ಟಿಸಿ. ಆ ಒಂದು ಕಡತ ಮುಗಿಯುವಷ್ಟರಲ್ಲಿ ತಾಲ್ಲೂಕು ಕಚೇರಿಯ ಯಾವ ಕಿಟಕಿಯಲ್ಲಿ ಏನು ಕೇಳಬೇಕೆಂದು ನಿಮಗೆ ತಿಳಿದಿರುತ್ತದೆ. ಆಮೇಲೆ ಬೇರೆಯವರ ಪತ್ರ ಕೈಗೆ ತೆಗೆದುಕೊಳ್ಳಿ. ಒಂದು ಕುಟುಂಬದ ಇಡೀ ಬದುಕಿನ ಉಳಿತಾಯ ಆ ಪತ್ರದ ಮೇಲೆ ನಿಂತಿರುತ್ತದೆ. ಅಷ್ಟೇ ಜವಾಬ್ದಾರಿಯಿಂದ ಓದಿ.